ಗಟ್ಟಿ ತಂತಿ

ಮಹಾನವಮಿಯ ಹೊತ್ತಿಗೆ ಹೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ಬಿಸಿಲು ಹಲ್ಲು ಕಳಚಿಕೊಳ್ಳುತ್ತದೆ. ಬೇಸಿಗೆಯುದ್ದಕ್ಕೂ ಬೇಲಿಯ ಹಲಗೆ ಕಾಣದಂತೆ ಹಬ್ಬಿದ್ದ ಹೀರೆಬಳ್ಳಿ ಒಣಗಿ ನಾರಾಗಿ ಜೋತುಬಿದ್ದಿತ್ತು. ಶಾಂತವ್ವ ಬೆಳಗಾಗುತ್ತಲೇ ಹಿತ್ತಲಿಗೆ ಇಳಿದು ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕಿದಳು. ಬೀಜಕ್ಕೆಂದು ಬಿಟ್ಟಿದ್ದ ಕಾಯಿಗಳನ್ನು ಬೇರೆ ತೆಗೆದಿಟ್ಟು, ಸಲಿಕೆ ಹಿಡಿದು ಮಡಿ ಮಾಡತೊಡಗಿದಳು. ಇಲ್ಲಿಯದು ಗುಳೇದಗುಡ್ಡದ ಸುತ್ತಿನ ಎರೆಹೊಲದಂಥದೇ ಮಣ್ಣು. ಹಸಿಯಿದ್ದರೆ ಕಾಲು ಬಿಡುವುದಿಲ್ಲ, ಒಣಗಿದರೆ ಸಲಿಕೆ ಇಳಿಯುವುದಿಲ್ಲ. ಎರಡರ ನಡುವಿನ ಹದ ಸಿಗುವುದು ವರ್ಷಕ್ಕೆ ಒಂದೆರಡು ವಾರ ಮಾತ್ರ. ಆ ಹದದಲ್ಲೇ ಮೆಂತ್ಯ, ರಾಜಗಿರಿ, ಕೊತ್ತಂಬರಿ ಬೀಜ ನೆಲಕ್ಕೆ ಬೀಳಬೇಕು.

ಚನ್ನಮಲ್ಲಪ್ಪ ಚಹಾದ ಲೋಟ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತ. ಕೆಮಿಕಲ್ ಪ್ಲಾಂಟಿನ ನೌಕರಿಯಿಂದ ನಿವೃತ್ತನಾದ ಮೇಲೆ ಹೆಂಡತಿ ಕೆಲಸ ಮಾಡುವುದನ್ನು ನೋಡುತ್ತ ಚಹಾ ಕುಡಿಯುವುದು ಅವನ ಬೆಳಗಿನ ರೂಢಿ.

"ಏ, ಇವತ್ತ ಹಬ್ಬಾ. ಮಣ್ಣಾಗ ಯಾಕ ಹೊಳ್ಳಾಡಾಕತ್ತೀ?"

"ವಾಣಿ ಬರೂದು ಮಧ್ಯಾಹ್ನ. ಅಷ್ಟರಾಗ ಮೆಂತೆ ಉಗ್ಗತೀನಿ. ಸುಮ್ಮ ಕುಂತ್ರ ಕೈ ಕೇಳೂದಿಲ್ಲ."

"ಕೈ ಅಲ್ಲ ಅದು, ಜೀವ."

ಶಾಂತವ್ವ ಸಲಿಕೆಯಿಂದ ಒಂದು ಹೆಂಟೆ ಒಡೆದಳು. ತಲೆ ಎತ್ತದೆಯೇ ಹೇಳಿದಳು: "ಆ ಜಗಲಿ ಬಾಜೂಕ ಹೂವಿನ ಸ್ಟ್ಯಾಂಡ್ ಅದಲ್ಲ, ಅದನ್ನ ತಗದು ಅಟ್ಟದ ಮ್ಯಾಲ ಇಡ್ರಿ. ಜಾಗಾ ಬೇಕು."

"ಯಾಕ?"

"ಚೆಲ್ಲೊ ಇಡಾಕ."

ಚನ್ನಮಲ್ಲಪ್ಪ ಬಾಯಿಗೆ ಒಯ್ದಿದ್ದ ಲೋಟವನ್ನು ಅಲ್ಲೇ ಹಿಡಿದುಕೊಂಡ. "ಒಳಗ? ದೇವರ ಹತ್ರ?"

"ಮೊದಲ ಎಲ್ಲಿತ್ತೋ ಅಲ್ಲೇ."

ಅವನು ಲೋಟವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದ. ಸ್ಟ್ಯಾಂಡು ಸರಿಯುವ ಸದ್ದು ಹಿತ್ತಲವರೆಗೂ ಕೇಳಿಸಿತು.

ಡಲ್ಲಾಸ್ ಪಕ್ಕದ ಸೌತ್‌ಲೇಕಿನಲ್ಲಿರುವ ಮಗಳು ವಾಣಿ ಅಂದು ಬರುತ್ತಿದ್ದುದು ಬರೀ ಹಬ್ಬಕ್ಕಲ್ಲ. ಅವಳ ಕಾರಿನಲ್ಲಿ ಎದೆಯೆತ್ತರದ ಪಿಟೀಲಿನಂಥ ಆ ಹಳೆಯ ಚೆಲ್ಲೊ ಇತ್ತು. ಮರುದಿನ ಬೆಳಿಗ್ಗೆ ಅದನ್ನು ಹೂಸ್ಟನ್ನಿನ ಒಂದು ಕಾಲೇಜಿಗೆ ಒಪ್ಪಿಸಬೇಕಿತ್ತು. ಅಂದರೆ ಅದು ಈ ಮನೆಯಲ್ಲಿ ಇರುವುದು ಇದೊಂದೇ ರಾತ್ರಿ. ಆ ಒಂದು ರಾತ್ರಿಯಾದರೂ ಅದು ದೇವರ ಜಗಲಿಯ ಪಕ್ಕದಲ್ಲಿರಬೇಕು, ವಾಣಿ ಅಲ್ಲೇ ಕೂತು ಬಾರಿಸಬೇಕು ಎಂದು ಶಾಂತವ್ವ ಬೇಸಿಗೆಯಿಂದಲೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಆ ಚೆಲ್ಲೊ ಕೊಟ್ಟಿದ್ದ ಲೊರೇನಳಿಗೆ ಸಲ್ಲಬೇಕಾದದ್ದು ಸಲ್ಲದೆ ಉಳಿದುಹೋಗಿತ್ತು. ಸಲ್ಲಿಸಲು ಇದ್ದ ದಾರಿ ಅದೊಂದೇ.

*

ಬ್ರಾಜೋಸ್ ಬರೋಕ್ ಎಂಬ ವಾದಕರ ಬಳಗ ಹುಟ್ಟಿದ್ದು ಹೂಸ್ಟನ್ನಿನ ಒಂದು ಚರ್ಚಿನ ಹಿಂದಿನ ಹಾಲಿನಲ್ಲಿ, ಟೆಕ್ಸಸ್ಸಿಗೆ ಮಳೆಯೇ ಬಾರದ ವರ್ಷ. ಎರಡು ಸಾವಿರದ ಹನ್ನೊಂದು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾಗಿದ್ದ ಲೊರೇನ್ ವೋಗೆಲ್ ಎಂಬಾಕೆಗೆ ಒಂದು ಹುಚ್ಚಿತ್ತು. ಮುನ್ನೂರು ವರ್ಷ ಹಿಂದಿನ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲೇ, ಆ ಕಾಲದ ಶ್ರುತಿಯಲ್ಲೇ ಕೇಳಬೇಕು ಎಂಬ ಹುಚ್ಚು. ಈಗಿನ ಶ್ರುತಿಗಿಂತ ಅದು ಅರ್ಧ ಸ್ವರ ಕೆಳಗೆ. ಬಿಲ್ಲು ಬೇರೆ, ತಂತಿ ಬೇರೆ, ಹಿಡಿಯುವ ರೀತಿಯೇ ಬೇರೆ. ಚೆಲ್ಲೊಗೆ ನೆಲಕ್ಕೆ ಊರುವ ಕಾಲು ಕೂಡ ಇಲ್ಲ. ಎಮ್ಮೆ ಹಿಂಡುವಾಗ ತಂಬಿಗೆಯನ್ನು ಮೊಳಕಾಲ ನಡುವೆ ಇಟ್ಟುಕೊಂಡಂತೆ ಅದನ್ನು ಕಾಲುಗಳ ನಡುವೆ ಅವುಚಿಕೊಂಡೇ ಬಾರಿಸಬೇಕು.

ವಾದಕರು ಒಂದೂರಿನವರಲ್ಲ. ಕೆಲವರು ಹೂಸ್ಟನ್ನಿನವರು, ಕೆಲವರು ಆಸ್ಟಿನ್ನಿನವರು, ಉಳಿದವರು ಡಲ್ಲಾಸಿನವರು. ಹಾಗಾಗಿ ಒಂದೊಂದು ಕಛೇರಿಯನ್ನೂ ಮೂರೂರಲ್ಲಿ ಮಾಡುತ್ತಿದ್ದರು. ಶುಕ್ರವಾರ ಹೂಸ್ಟನ್, ಶನಿವಾರ ಆಸ್ಟಿನ್, ರವಿವಾರ ಡಲ್ಲಾಸ್. ಲೊರೇನ್ ಬಾರಿಸುವ ಹಾರ್ಪ್ಸಿಕಾರ್ಡ್ ಎಂಬ, ಪಿಯಾನೊದಂಥ ಉದ್ದನೆಯ ಪೆಟ್ಟಿಗೆಯನ್ನು ಕೌದಿಗಳಲ್ಲಿ ಸುತ್ತಿ, ಬಾಡಿಗೆ ವ್ಯಾನಿಗೆ ಏರಿಸಿ, ಊರಿಂದ ಊರಿಗೆ ಒಯ್ಯಬೇಕಾಗಿತ್ತು. ಆ ವ್ಯಾನನ್ನು ಎಷ್ಟೋ ಸಲ ಡ್ರೈವ್ ಮಾಡಿದವನು ಚನ್ನಮಲ್ಲಪ್ಪ. "ಪ್ಲಾಂಟಿನಾಗ ವಾಲ್ವ್ ಕಾಯ್ದೆ, ಈಗ ಪೆಟಗಿ ಕಾಯಾಕತ್ತೀನಿ" ಎಂದು ಗೆಳೆಯರ ಮುಂದೆ ಹೇಳಿಕೊಂಡು ನಗುತ್ತಿದ್ದ. ಆ ನಗುವಿನಲ್ಲಿ ಹೆಮ್ಮೆಯೇ ಹೆಚ್ಚು.

ಅವನನ್ನು ಆ ಬಳಗಕ್ಕೆ ಎಳೆದವಳು ಮಗಳು. ವಾಣಿಶ್ರೀ ಆಗ ಹೂಸ್ಟನ್ನಿನ ಮೆಡಿಕಲ್ ಸೆಂಟರಿನಲ್ಲಿ ಫಾರ್ಮಸಿಸ್ಟ್. ಶಾಲೆಯ ದಿನಗಳಿಂದ ಚೆಲ್ಲೊ ಕೈ ಬಿಟ್ಟವಳಲ್ಲ. ಲೊರೇನ್ ಅವಳು ಬಾರಿಸುವುದನ್ನು ಕೇಳಿ, ತೀರಿಹೋದ ತನ್ನ ಗಂಡನ ಹಳೆಯ ಚೆಲ್ಲೊವನ್ನೇ ಅವಳ ಕೈಗೆ ಕೊಟ್ಟಳು. "ಇದು ಸುಮ್ಮನೆ ಮೂಲೆಯಲ್ಲಿ ನಿಂತು ನಿಂತು ಮುನಿಸಿಕೊಂಡಿದೆ. ನೀನು ಮಾತಾಡಿಸು" ಎಂದಳಂತೆ.

ವಾಣಿ ಅದನ್ನು ಮನೆಗೆ ತಂದ ದಿನ ಶಾಂತವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ಒರೆಸಿಕೊಂಡು ಬಂದು ನೋಡಿದಳು. ಜೇನಿನ ಬಣ್ಣದ ಮರ, ಅಲ್ಲಲ್ಲಿ ಸವೆದು ಒಳಗಿನ ತಿಳಿಬಣ್ಣ ಕಾಣುತ್ತಿತ್ತು. ತಂತಿಗಳು ಮಾತ್ರ ಹೊಳೆಯುತ್ತಿರಲಿಲ್ಲ. ಹಳದಿ, ಮಂಕು, ಹುರಿಹಾಕಿದ ನೂಲಿನ ಹಾಗೆ. ನೇಕಾರರ ಮನೆಯ ಮಗಳಾದ ಅವಳ ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು.

"ಇವೇನು, ತಂತಿ ಹಿಂಗದಾವು?"

"ಗಟ್ ಸ್ಟ್ರಿಂಗ್ಸ್, ಅವ್ವ" ಎಂದಳು ವಾಣಿ, ಬೂಟು ಬಿಚ್ಚುತ್ತ.

"ಗಟ್ಟಿನ? ಹೌದ, ಮುಟ್ಟಿದ್ರ ಗೊತ್ತಾಗ್ತದ" ಎಂದು ಶಾಂತವ್ವ ತಲೆದೂಗಿದಳು. ವಾಣಿ ಅಷ್ಟರಲ್ಲಿ ಫೋನು ಹಿಡಿದು ಮಹಡಿ ಹತ್ತಿದ್ದಳು.

ಅಂದಿನಿಂದ ಅವು ಆ ಮನೆಯಲ್ಲಿ ಗಟ್ಟಿ ತಂತಿಗಳು. ನಡುಮನೆಯಲ್ಲಿ ಏಸಿಯ ತಂಪು ಸಮನಾಗಿರುತ್ತದೆಂದು ವಾಣಿ ಚೆಲ್ಲೊವನ್ನು ದೇವರ ಜಗಲಿಯ ಪಕ್ಕದಲ್ಲೇ ಇಟ್ಟಳು. ಶಾಂತವ್ವನಿಗೂ ಅದು ಒಪ್ಪಿಗೆಯಾಯಿತು. ಸಂಜೆ ಡ್ಯೂಟಿ ಮುಗಿಸಿ ಬಂದು ಮಗಳು ಬಾರಿಸುತ್ತಿದ್ದರೆ ಇವಳ ರೊಟ್ಟಿ ಅದೇ ಲಯದಲ್ಲಿ ತಿರುಗುತ್ತಿತ್ತು. ಬಿಲ್ಲು ತಂತಿಯನ್ನು ಹಿಡಿಯುವಾಗ, ಸ್ವರ ಏಳುವುದಕ್ಕೆ ಮುಂಚೆ, ಒಂದು ಸಣ್ಣ ಕೆರೆತ ಕೇಳುತ್ತಿತ್ತು. ನಿದ್ದೆಯಿಂದ ಎದ್ದವರು ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಂಡ ಹಾಗೆ. ಹವಾಮಾನ ಸ್ವಲ್ಪ ಬದಲಾದರೂ ತಂತಿ ಶ್ರುತಿ ಬಿಡುತ್ತಿತ್ತು. ವಾಣಿ ಬಾರಿಸುವುದಕ್ಕಿಂತ ಹೆಚ್ಚು ಹೊತ್ತು ಬಿರಡೆಗಳ ಕಿವಿ ಹಿಂಡುತ್ತ ಕೂರುತ್ತಿದ್ದಳು. "ಗಟ್ಟಿ ಅಂತ ಹೆಸರಷ್ಟ, ಇವು ಎಷ್ಟ ನಾಜೂಕವ" ಎಂದು ಶಾಂತವ್ವ ನಗುತ್ತಿದ್ದಳು. ಅವ್ವನ ನಗು ಎಲ್ಲಿಂದ ಬಂತೆಂದು ವಾಣಿಗೆ ತಿಳಿಯುತ್ತಿರಲಿಲ್ಲ.

ಆ ವರ್ಷದ ಮಹಾನವಮಿಗೆ ಶಾಂತವ್ವ ಮನೆಯ ಆಯುಧಗಳ ಸಾಲಿನಲ್ಲಿ ಚೆಲ್ಲೊವನ್ನೂ ಪೂಜೆಗಿಟ್ಟಳು. ಮೈಗೆ ವಿಭೂತಿ ಹಚ್ಚಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದಳು. ಲೊರೇನಳನ್ನೂ ಕರೆದಿದ್ದರು. ಆಕೆ ಆಸ್ಟಿನ್ನಿನಿಂದ ಪಶ್ಚಿಮಕ್ಕಿರುವ ತನ್ನ ತವರಿನ ಕುರಿ ಸಾಕುವ ಹೊಲದಿಂದ ಮೆಸ್ಕೀಟ್ ಗಿಡದ ಒಂದು ಟೊಂಗೆ ತಂದಿದ್ದಳು. ಮೆಸ್ಕೀಟ್ ನಮ್ಮ ಬನ್ನಿಯ ಅಕ್ಕತಂಗಿ, ಎಲೆಯಲ್ಲಿ ಅಷ್ಟೇನೂ ಫರಕಿಲ್ಲ ಎಂದು ಚನ್ನಮಲ್ಲಪ್ಪ ಅವಳಿಗೆ ಹಿಂದೆಂದೋ ಹೇಳಿದ್ದ. ಗಂಡನ ವಾದ್ಯದ ಕೊರಳಲ್ಲಿ ಹೂವು ಕಂಡು ಲೊರೇನ್ ಹತ್ತಿರ ಹೋಗಿ ಮಾಲೆಯನ್ನು ಬೆರಳಲ್ಲಿ ಸವರಿದಳು. ಆಮೇಲೆ ಶಾಂತವ್ವನ ಕೈ ಹಿಡಿದುಕೊಂಡಳು. ಮರುದಿನ ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನುವ ಪದ್ಧತಿ ಕೇಳಿ, ಇನ್ನು ಪ್ರತಿ ವರ್ಷ ಟೊಂಗೆ ತನ್ನದೇ ಎಂದಳು.

*

ಕೆಟ್ಟದ್ದು ನಡೆದದ್ದು ಮುಂದಿನ ಮಹಾನವಮಿಗೆ. ಆ ಸಲ ಹಬ್ಬ ರವಿವಾರ ಬಿದ್ದಿತ್ತು. ಹೂಸ್ಟನ್ನಿನ ನಮ್ಮ ಕಡೆಯ ಮನೆಗಳವರೆಲ್ಲ ಊಟಕ್ಕೆ ಬಂದಿದ್ದರು. ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ದಾನಪ್ಪ, ನಿವೃತ್ತ ಸರ್ಜನ್ ಅನಸೂಯಾ, ಇನ್ನೂ ಹಲವರು. ಶಾಂತವ್ವ ಹೋಳಿಗೆ ಬಡಿಸುತ್ತ ಎಲ್ಲರಿಗೂ ಚೆಲ್ಲೊ ತೋರಿಸುತ್ತಿದ್ದಳು.

"ನೋಡ್ರಿ ಅನಸೂಯಾ ಅಕ್ಕಾರ, ನಮ್ಮ ವಾಣಿದು. ಈಗಿನ ತಂತಿ ಅಲ್ಲ ಇವು, ಆಗಿನ ಕಾಲದ್ದು. ಗಟ್ಟಿ ತಂತಿ ಅಂತಾರ ಇದಕ್ಕ."

ಅನಸೂಯಾ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ಮುಖದಲ್ಲಿ ಮೆಲ್ಲಗೆ ನಗು ಹಬ್ಬಿತು.

"ಗಟ್ಟಿ ಅಲ್ರಿ ಶಾಂತವ್ವಾರ, ಗಟ್! ಗಟ್ ಅಂದ್ರ ಕರುಳು. ಕುರಿ ಕರುಳು. ನಾವೂ ಮೊದಲ ಹೊಟ್ಟಿ ಹೊಲಿಗಿ ಹಾಕಾಕ ಇಂಥಾದ ದಾರಾನ ಬಳಸ್ತಿದ್ವಿ."

ಶಾಂತವ್ವನ ಕೈಯಲ್ಲಿದ್ದ ಹೋಳಿಗೆಯ ತಾಟು ಅಲ್ಲೇ ನಿಂತಿತು. "ಏನಂದ್ರಿ?"

"ಕರುಳ್ರಿ. ತೊಳದು, ಸೀಳಿ, ಹುರಿ ಹಾಕತಾರ."

ಎಲ್ಲರ ಕಣ್ಣೂ ಚೆಲ್ಲೊದ ಮೇಲಿನ ವಿಭೂತಿಯತ್ತ ಹೊರಳಿದವು. ಆಗ ದಾನಪ್ಪ ಎರಡನೇ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತ ಅಂದ:

"ಅಡ್ಡಿ ಇಲ್ಲ ಬಿಡ್ರಿ ಶಾಂತಕ್ಕ. ಕುರಿ ಲಿಂಗೈಕ್ಯ ಆತು."

ನಗು ಸಿಡಿಯಿತು. ಮಕ್ಕಳೂ ತಿಳಿಯದೆ ನಕ್ಕರು. ಚನ್ನಮಲ್ಲಪ್ಪನಿಗೂ ನಗು ತಡೆಯಲಾಗಲಿಲ್ಲ. ಶಾಂತವ್ವನೂ ನಕ್ಕಳು, ನಗದೆ ಇದ್ದರೆ ಇನ್ನೂ ಅವಮಾನವೆಂದು. ಎಲ್ಲರೂ ಹೋದ ಮೇಲೆ ಜಗಲಿ ತೊಳೆದಳು. ಇಷ್ಟಲಿಂಗವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಎದ್ದು ಬಂದು, "ಅದನ್ನ ಗ್ಯಾರೇಜಿನಾಗ ಇಡು" ಅಂದಳು.

"ಅವ್ವ, ಕಮಾನ್! ಗ್ಯಾರೇಜಲ್ಲಿ ಹೀಟ್ ಇರತ್ತೆ. ಮರ ಬಿರೀತದೆ."

"ಕುರಿ ಕರುಳು ದೇವರ ಬಾಜೂಕ ಇಡಂಗಿಲ್ಲ."

"ಮಠದಾಗ ತಬಲಾ ಬಾರಸ್ತಾರಲ್ಲ" ಎಂದು ಚನ್ನಮಲ್ಲಪ್ಪ ನಡುವೆ ಬಾಯಿ ಹಾಕಿದ. "ಅದರ ತೊಗಲು ಯಾವ ಗಿಡದಾಗ ಬಿಡ್ತದ?"

"ತೊಗಲು ಬ್ಯಾರೆ, ಕರುಳು ಬ್ಯಾರೆ."

ವಾಣಿ ಅವ್ವನ ಮುಖವನ್ನೇ ನೋಡುತ್ತ ಕೇಳಿದಳು: "ನಿನಗ ಕುರಿ ಪ್ರಾಬ್ಲಮ್ಮಾ, ಜನ ನಕ್ಕಿದ್ದು ಪ್ರಾಬ್ಲಮ್ಮಾ?"

ಶಾಂತವ್ವನಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಇನ್ನಷ್ಟು ಸಿಟ್ಟು ಬಂತು. "ನೀನು ಮೊದಲ ಯಾಕ ಹೇಳಲಿಲ್ಲ?" ಎಂದಳು. "ಹೇಳಿದ್ನೆಲ್ಲ! ಗಟ್ ಅಂತ ಹೇಳಿದ್ನೆಲ್ಲ!" ಎಂದಳು ವಾಣಿ. ಇಬ್ಬರೂ ಸುಳ್ಳಾಡಿರಲಿಲ್ಲ.

ಚೆಲ್ಲೊ ಗ್ಯಾರೇಜಿಗೆ ಹೋಯಿತು. ಚಳಿಗಾಲ ಹೇಗೋ ಕಳೆಯಿತು. ಹುಲ್ಲು ಕೊಯ್ಯುವ ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ವಾಣಿ ಅಲ್ಲೇ ಬಾರಿಸುತ್ತಿದ್ದಳು. ನಡುವಿನ ಬಾಗಿಲು ಮುಚ್ಚಿರುತ್ತಿತ್ತು. ಅದರಾಚೆಯಿಂದ ಕೇಳುತ್ತಿದ್ದ ದನಿಗೆ ಶಾಂತವ್ವನ ರೊಟ್ಟಿ ಈಗಲೂ ತಿರುಗುತ್ತಿತ್ತು, ಆದರೆ ಅದನ್ನು ಒಪ್ಪಿಕೊಳ್ಳಲು ಅವಳು ಸಿದ್ಧಳಿರಲಿಲ್ಲ. "ಲಿಂಗೈಕ್ಯ ಆದ ಕುರಿ ಹೆಂಗದ?" ಎಂದು ಹಿಲ್‌ಕ್ರಾಫ್ಟಿನ ಅಂಗಡಿಯಲ್ಲಿ ದಾನಪ್ಪ ಬೇಳೆ ತೂಗುತ್ತ ಕೇಳಿದಾಗಲೆಲ್ಲ, ಮುಚ್ಚಿದ ಬಾಗಿಲು ಮತ್ತಷ್ಟು ಗಟ್ಟಿಯಾಗುತ್ತಿತ್ತು. ಬಾಗಿಲು ತೆಗೆದರೆ ಆ ನಗು ಮತ್ತೆ ಒಳಗೆ ಬರುತ್ತದೆಂಬಂತೆ.

ಆಗಸ್ಟಿನಲ್ಲಿ ಮಳೆ ಬಂದು, ಅದರ ಹಿಂದೆಯೇ ಕುದಿಯುವ ಬಿಸಿಲು ಬಿತ್ತು. ಒಂದು ಸಂಜೆ ವಾಣಿ ಪೆಟ್ಟಿಗೆ ತೆಗೆದಾಗ ಚೆಲ್ಲೊದ ಕುತ್ತಿಗೆ ಬುಡದಲ್ಲಿ ಬಾಯಿ ಬಿಟ್ಟಿತ್ತು, ಮುಂದಿನ ಹಲಗೆ ಉದ್ದಕ್ಕೆ ಸೀಳಿತ್ತು. ಅವಳು ಅಳಲಿಲ್ಲ, ಕೂಗಲಿಲ್ಲ. ಅವ್ವನನ್ನು ಕರೆಯಲೂ ಇಲ್ಲ. ಗ್ಯಾರೇಜಿನ ನೆಲದ ಮೇಲೆ ಕೂತು ಲೊರೇನಳಿಗೆ ಫೋನು ಮಾಡಿದಳು.

ಲೊರೇನ್ ಬಂದವಳು ಸೀಳಿನ ಮೇಲೆ ಬೆರಳಾಡಿಸಿದಳು, ಕುರಿಮರಿಯ ಗಾಯ ನೋಡುವವರ ಹಾಗೆ. ಶಾಂತವ್ವ ನಡುವಿನ ಬಾಗಿಲಲ್ಲಿ ನಿಂತಿದ್ದಳು. ರಿಪೇರಿ ನಾವು ಮಾಡಿಸಿಕೊಡುತ್ತೇವೆ ಎಂದು ಚನ್ನಮಲ್ಲಪ್ಪ ಹೇಳಿದ್ದಕ್ಕೆ ಲೊರೇನ್ ಬೇಡವೆಂದು ತಲೆಯಾಡಿಸಿದಳು.

"ನಿಮ್ಮ ಭಾಷೆಯಲ್ಲಿ ಇದಕ್ಕೆ ಏನೆನ್ನುತ್ತೀರಿ?" ಎಂದು ತಂತಿ ತೋರಿಸಿ ಇಂಗ್ಲಿಷಿನಲ್ಲಿ ಕೇಳಿದಳು.

"ಕರುಳು" ಅಂದಳು ವಾಣಿ. ಸ್ವಲ್ಪ ತಡೆದು, ಯಾರನ್ನೂ ನೋಡದೆ, ಅದೂ ಇಂಗ್ಲಿಷಿನಲ್ಲೇ ಸೇರಿಸಿದಳು: "ತಾಯಿಗೆ ಮಕ್ಕಳ ಮೇಲಿರುತ್ತದಲ್ಲ, ಅದಕ್ಕೂ ಇದೇ ಮಾತು."

"ಕ-ರು-ಳು" ಎಂದು ಲೊರೇನ್ ನಾಲಿಗೆ ತಿರುಗಿಸಿ ನೋಡಿದಳು. ಶಾಂತವ್ವ ಕಣ್ಣು ಕೆಳಗೆ ಹಾಕಿದಳು. ಆ ಮನೆಯಲ್ಲಿ ಯಾರೂ ಅವಳಿಗೆ ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಹೊರಡುವಾಗ ಲೊರೇನ್ ಒಂದು ಮಾತು ಕೇಳಿದಳು. "ಇದರ ದನಿ ನಿಮ್ಮ ದೇವರ ಪಕ್ಕದಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು ಎನ್ನುತ್ತಾಳೆ ವಾಣಿ. ನನ್ನ ಗಂಡನ ಚೆಲ್ಲೊವನ್ನು ಅಲ್ಲಿ ಒಮ್ಮೆ ಕೇಳಬೇಕು. ರಿಪೇರಿಗೆ ಬದಲಾಗಿ ನನಗೆ ಅದಷ್ಟೇ ಸಾಕು."

"ನೋಡೂಣು" ಅಂದಳು ಶಾಂತವ್ವ.

ಆಗುವುದಿಲ್ಲ ಎನ್ನಲು ಬಾಯಿ ಬಾರದಾಗ ನಮ್ಮವರು ಅನ್ನುವ ಮಾತು ಅದು. ವಾಣಿ ಅದನ್ನು ಅಕ್ಷರಕ್ಕೆ ಅಕ್ಷರ ಇಂಗ್ಲಿಷಿಗೆ ತಿರುಗಿಸಿದಳು. ಲೊರೇನ್ ಅದನ್ನು ಒಪ್ಪಿಗೆ ಎಂದುಕೊಂಡಳು.

*

ಚೆಲ್ಲೊ ಡಲ್ಲಾಸಿನ ಒಬ್ಬ ರಿಪೇರಿಯವನ ಕೈಯಲ್ಲಿ ಗುಣವಾಗಿ ಬಂದು ಲೊರೇನಳ ಮನೆಯಲ್ಲೇ ಉಳಿಯಿತು. ವಾಣಿ ಡ್ಯೂಟಿ ಮುಗಿಸಿ ನೇರ ಅಲ್ಲಿಗೆ ಹೋಗಿ ಬಾರಿಸಿ, ಊಟದ ಹೊತ್ತು ಮೀರಿದ ಮೇಲೆ ಮನೆಗೆ ಬರತೊಡಗಿದಳು. ಶಾಂತವ್ವನ ರೊಟ್ಟಿ ತಟ್ಟುವ ಹೊತ್ತಿಗೆ ಈಗ ಮನೆಯಲ್ಲಿ ಟೀವಿಯ ಸದ್ದಷ್ಟೇ. ಮರುವರ್ಷ ವಾಣಿಯ ಮದುವೆಯಾಯಿತು. ಗಂಡ ವಿನಾಯಕನ ಕೆಲಸ ಡಲ್ಲಾಸಿನಲ್ಲಿದ್ದುದರಿಂದ ಸೌತ್‌ಲೇಕಿಗೆ ಶಿಫ್ಟ್ ಆದಳು. ಚೆಲ್ಲೊವೂ ಅವಳ ಜೊತೆ ಹೋಯಿತು.

ಬಳಗಕ್ಕೆ ಅವು ಒಳ್ಳೆಯ ವರ್ಷಗಳು. ಆಸ್ಟಿನ್ನಿನಲ್ಲಿ ಜನ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದರು. ಡಲ್ಲಾಸಿನಲ್ಲಿ ಶಾಲೆಯ ಮಕ್ಕಳನ್ನು ವೇದಿಕೆಗೆ ಕರೆದು ವಾದ್ಯ ಮುಟ್ಟಿಸುತ್ತಿದ್ದರು. ಚನ್ನಮಲ್ಲಪ್ಪ ವ್ಯಾನು ಬಿಡಲಿಲ್ಲ. ಶಾಂತವ್ವ ಮಾತ್ರ ಏನಾದರೂ ನೆವ ಹೇಳಿ ಮನೆಯಲ್ಲೇ ಉಳಿಯುತ್ತಿದ್ದಳು. ವರ್ಷಕ್ಕೊಂದು ಸಲ ಹೋದಾಗ ಲೊರೇನ್ ದೂರದಿಂದಲೇ ಕೈ ಎತ್ತಿ "ನೋಡೂಣು?" ಎಂದು ಕೂಗುತ್ತಿದ್ದಳು. ಅವಳಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಶಾಂತವ್ವನೂ "ನೋಡೂಣು" ಎಂದು ನಗುತ್ತಿದ್ದಳು. ದಸರೆಗೆ ಮೆಸ್ಕೀಟ್ ಟೊಂಗೆ ತಪ್ಪದೆ ಬರುತ್ತಿತ್ತು, ವಾಣಿಯ ಕೈಯಲ್ಲೋ ಚನ್ನಮಲ್ಲಪ್ಪನ ವ್ಯಾನಿನಲ್ಲೋ. ಶಾಂತವ್ವ ಆ ಎಲೆಗಳನ್ನು ಮನೆಮಂದಿಗೆ, ಸ್ನೇಹಿತರಿಗೆ ಕೊಡುತ್ತಿದ್ದಳು. ಕಳಿಸಿದವಳನ್ನು ಕರೆದು ಅವಳ ಕೈಗೊಂದು ಎಲೆ ಕೊಡಲಿಲ್ಲ. ಕರೆದರೆ ಚೆಲ್ಲೊದ ಮಾತು ಬರುತ್ತದಲ್ಲ.

ಆಮೇಲೆ ಹಾರ್ವೆ ಚಂಡಮಾರುತ ಬಂತು. ಚರ್ಚಿನ ಹಾಲಿನೊಳಗೆ ನೀರು ನುಗ್ಗಿತು. ನೀರಿಳಿದ ಮೇಲೆ ಚನ್ನಮಲ್ಲಪ್ಪ ಬೂಟು ಹಾಕಿಕೊಂಡು ಹೋಗಿ ನೋಡಿ ಬಂದ. ಹಾರ್ಪ್ಸಿಕಾರ್ಡಿನ ಮುಚ್ಚಳ ಎತ್ತಿದರೆ ಒಳಗೆ ಕೆಸರು. ಸಂಗೀತ ಬರೆದ ಹಾಳೆಗಳು ಮುದ್ದೆಯಾಗಿ ಕಪಾಟಿಗೆ ಅಂಟಿದ್ದವು. ಮನೆಗೆ ಬಂದವನು ಬಚ್ಚಲಲ್ಲಿ ಬಹಳ ಹೊತ್ತು ಬೂಟು ತೊಳೆದ. "ಪೆಟಗಿ ಹೋತು" ಎಂದಷ್ಟೇ ಹೇಳಿದ. ಊರಿನವರೆಲ್ಲ ತಮ್ಮ ತಮ್ಮ ಮನೆ ಕಟ್ಟಿಕೊಳ್ಳುವುದರಲ್ಲಿದ್ದರು. ಹಳೆಯ ಸಂಗೀತಕ್ಕೆ ಕೈ ನೀಡುವವರು ಯಾರು? ವಾದಕರು ಒಬ್ಬೊಬ್ಬರಾಗಿ ಬೇರೆ ಊರು ಹಿಡಿದರು. ಅದರ ನಡುವೆಯೇ ಲೊರೇನಳಿಗೆ ಕಾಯಿಲೆ ಎಂಬ ಸುದ್ದಿ ಬಂತು.

ಕೊನೆಯ ಕಛೇರಿ ಮರುವಸಂತದಲ್ಲಿ, ಆಸ್ಟಿನ್ನಿನಲ್ಲಿ ಮಾತ್ರ. ಮೂರೂರಿಗೆ ಒಯ್ಯುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ. ಶಾಂತವ್ವ ಆ ಸಲ ನೆವ ಹೇಳಲಿಲ್ಲ. ಎರಡನೆಯ ರಚನೆಯ ನಡುವೆ ಫಟ್ಟೆಂದು ಸದ್ದಾಯಿತು. ವಾಣಿಯ ಚೆಲ್ಲೊದ ತಂತಿ ಹರಿದಿತ್ತು. ಎಲ್ಲರೂ ಬಾರಿಸುವುದನ್ನು ನಿಲ್ಲಿಸಿ ಕಾದರು. ವಾಣಿ ಅಲ್ಲೇ ಕೂತು ಕಿಸೆಯಿಂದ ಹೊಸ ತಂತಿ ತೆಗೆದಳು, ಅದರ ತುದಿಗೆ ಒಂದು ಸಣ್ಣ ಗಂಟು ಹಾಕಿದಳು, ಬೆರಳಲ್ಲಿ ತೀಡಿ ಎಳೆದು ನೋಡಿದಳು. ಆ ಗಂಟು ಶಾಂತವ್ವನಿಗೆ ಗೊತ್ತಿತ್ತು. ಮಗ್ಗದ ಮೇಲೆ ಎಳೆ ಹರಿದಾಗ ಅವಳ ಅವ್ವ ಹಾಗೇ, ಬೆರಳ ತುದಿಯಲ್ಲಿ ತೀಡಿ, ಗಂಟು ಹಾಕುತ್ತಿದ್ದಳು. ಮಗಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಕತ್ತಲಲ್ಲಿ ಕೂತಿದ್ದ ಶಾಂತವ್ವನಿಗೆ ಕುರಿಯೂ ನೆನಪಾಗಲಿಲ್ಲ, ದಾನಪ್ಪನ ನಗುವೂ ಕೇಳಲಿಲ್ಲ. ಎದುರಿಗಿದ್ದದ್ದು ಹುರಿಹಾಕಿದ ಒಂದು ಎಳೆ ಮಾತ್ರ.

ಗಾಲಿಕುರ್ಚಿಯಲ್ಲಿದ್ದ ಲೊರೇನಳ ಹತ್ತಿರ ಹೋಗಿ ಈ ಸಲ ತಾನೇ ಮೊದಲು ಮಾತಾಡಿದಳು. "ಬರ್ರಿ ಮನೀಗೆ. ದಸರಾಕ್ಕ ಬರ್ರಿ. ಒಳಗ ಇಡ್ತೀನಿ, ಬಾರಸಸ್ತೀನಿ." ವಾಣಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹೇಳುವಾಗ ದನಿ ಸ್ವಲ್ಪ ತಡವರಿಸಿತು. ಲೊರೇನ್ ಶಾಂತವ್ವನ ಕೈ ಹಿಡಿದು, ಮೆಲ್ಲಗೆ, "ನೋಡೂಣು" ಅಂದಳು.

ಆ ಮಾತಿನ ನಿಜವಾದ ಅರ್ಥ ಅವಳಿಗೆ ಅಷ್ಟರಲ್ಲಿ ತಿಳಿದಿತ್ತೋ ಏನೋ. ಚೆಲ್ಲೊವನ್ನು ಕಾಲೇಜಿನ ಮಕ್ಕಳಿಗೆ ಕೊಡಬೇಕೆಂದು ಬರೆದಿಟ್ಟು, ಜುಲೈಯಲ್ಲಿ ತೀರಿಕೊಂಡಳು.

*

ಮಧ್ಯಾಹ್ನ ವಾಣಿಯ ಕಾರು ಬಂದಾಗ ಶಾಂತವ್ವ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ರೂಢಿಯಂತೆ ಗ್ಯಾರೇಜಿನ ಬಾಗಿಲು ಗರಗರ ಏಳತೊಡಗಿತು.

"ಅಲ್ಲಿ ಬ್ಯಾಡ" ಎಂದು ಕೂಗಿದಳು. "ಒಳಗ ತಗೊಂಬಾ. ಜಾಗಾ ಮಾಡೇನಿ."

ವಾಣಿ ಕಾರಿನಿಂದಿಳಿದು ನಕ್ಕಳು. ಐದು ತಾಸಿನ ಡ್ರೈವ್‌ನ ದಣಿವು ಕಣ್ಣಲ್ಲಿತ್ತು, ಆದರೂ ನಗು ಹಿಂದಿನದೇ. "ಐ ನೋ, ಅವ್ವ. ಒಳಗೇ ತರೋಣ ಅಂತಾನೇ ಬಂದೆ. ಇನ್ನ ನಿನಗ ತೊಂದ್ರಿ ಇಲ್ಲ."

ಕೊನೆಯ ಮಾತು ಶಾಂತವ್ವನಿಗೆ ಪೂರ್ತಿ ತಿಳಿಯಲಿಲ್ಲ. ಚನ್ನಮಲ್ಲಪ್ಪ ಪೆಟ್ಟಿಗೆ ಎತ್ತಿಕೊಂಡು ಬಂದು ಜಗಲಿಯ ಪಕ್ಕ ಮಲಗಿಸಿದ. ಶಾಂತವ್ವ ತಟ್ಟೆಯಲ್ಲಿ ವಿಭೂತಿ, ಚೆಂಡುಹೂವಿನ ಮಾಲೆ ಇಟ್ಟುಕೊಂಡು ಕಾದಳು. ವಾಣಿ ಕೊಂಡಿಗಳನ್ನು ಬಿಚ್ಚಿ ಮುಚ್ಚಳ ತೆಗೆದಳು.

ಜೇನಿನ ಬಣ್ಣದ ಮರದ ಮೇಲೆ ತಂತಿಗಳು ಹೊಳೆದವು. ದೀಪದ ಬೆಳಕು ಅವುಗಳ ಮೇಲೆ ಸೂಜಿಯ ಹಾಗೆ ಮಿಂಚಿತು.

"ಇದೇನು, ಹೊಳಿಯಾಕತ್ತಾವು?"

"ಸ್ಟೀಲ್, ಅವ್ವ. ಕಾಲೇಜಿನವರಿಗೆ ಸ್ಟೀಲೇ ಬೇಕಂತೆ, ಸ್ಟೂಡೆಂಟ್ಸ್ ಈಗಿನ ಪೀಸ್ ನುಡಿಸ್ತಾರೆ. ಕೆಳಗೆ ಕಾಲೂ ಹಾಕಿಸಿದೆ, ನೋಡು." ಬುಡದಲ್ಲಿದ್ದ ಕಬ್ಬಿಣದ ಸಣ್ಣ ಸರಳನ್ನು ಎಳೆದು ತೋರಿಸಿದಳು. "ನೀವು ಕೊಟ್ಟ ಮೇಲೆ ನಾವೇ ಮಾಡಿಸ್ಕೋತೀವಿ ಅಂದಿದ್ರು ಅವರು. ನಾನೇ ರಷ್ ಮಾಡಿ ಡಲ್ಲಾಸಲ್ಲೇ ಮಾಡಿಸಿದೆ. ನಿನಗೋಸ್ಕರ. ಲೊರೇನ್‌ಗೆ ಇಲ್ಲಿ ನುಡಿಸ್ತೀನಿ ಅಂತ ಪ್ರಾಮಿಸ್ ಮಾಡಿದ್ದೆ. ಗಟ್ ಇದ್ರ ನಿನಗ ಒಳಗೊಳಗೇ ಕಷ್ಟ ಆಗ್ತದಲ್ಲ."

ಶಾಂತವ್ವ ತಟ್ಟೆಯನ್ನು ಜಗಲಿಯ ಮೇಲಿಟ್ಟಳು. "ಆಸ್ಟಿನ್ನಿನಾಗ ಹೇಳಿದ್ನೆಲ್ಲ, ಒಳಗ ಇಡ್ತೀನಿ ಅಂತ."

"ಹೇಳಿದಿ. ಬಟ್..." ವಾಣಿ ಎಳೆದಿದ್ದ ಸರಳನ್ನು ಒಳಗೆ ತಳ್ಳಿದಳು. ಆಮೇಲೆ ಮೆಲ್ಲಗೆ, "ಆಕೀಗೆ ಕಂಫರ್ಟ್ ಆಗ್ಲಿ ಅಂತ ಹೇಳಿದಿ ಅನ್ಕೊಂಡೆ" ಎಂದಳು.

"ಹಳೇವು ಎಲ್ಲ್ಯವ?"

"ಯಾವುವು?"

"ತಂತಿ. ಕರುಳಿನವು."

"ಶಾಪ್‌ನಲ್ಲೇ ಬಿಟ್ಟೆ ಅವ್ವ, ಸವದಿದ್ವು. ಎಸದಿರ್ತಾರ."

ಶಾಂತವ್ವ ವಿಭೂತಿ ಹಚ್ಚಿದಳು, ಮಾಲೆ ಹಾಕಿದಳು. ಕೈ ತನ್ನ ಕೆಲಸ ತಾನು ಮಾಡಿತು. ಪೂಜೆಯಾದ ಮೇಲೆ ಹೂಮಾಲೆ ತೆಗೆದು ವಾಣಿ ಬಾರಿಸಲು ಕೂತಳು. ಶ್ರುತಿ ಮಾಡಿಕೊಳ್ಳಲು ಹೆಚ್ಚು ಹೊತ್ತೇ ಹಿಡಿಯಲಿಲ್ಲ. ದನಿ ದೊಡ್ಡದಾಗಿತ್ತು, ನೇರವಾಗಿತ್ತು, ನಡುಮನೆಯಿಂದ ಹಿತ್ತಲವರೆಗೆ ತುಂಬಿಕೊಂಡಿತು. ಶಾಂತವ್ವ ಜಗಲಿಯ ಹತ್ತಿರ ನೆಲದ ಮೇಲೆ ಕೂತು ಕಾದಳು. ಬಿಲ್ಲು ತಂತಿಗೆ ತಾಗಿದಾಗಲೆಲ್ಲ ಆ ಸಣ್ಣ ಕೆರೆತಕ್ಕಾಗಿ, ಗಂಟಲು ಸರಿಮಾಡಿಕೊಳ್ಳುವ ಆ ಸದ್ದಿಗಾಗಿ ಕಾದಳು. ಸ್ವರ ಪ್ರತಿಸಲವೂ ನಿದ್ದೆಯೇ ಮಾಡದವರ ಹಾಗೆ ತಟ್ಟನೆ ಎದ್ದು ಬರುತ್ತಿತ್ತು.

"ಚಂದ ಅದ ಅಲ್ಲ?" ಎಂದಳು ವಾಣಿ, ಬಿಲ್ಲು ಇಳಿಸಿ.

"ಚಂದ ಅದ."

"ಲೊರೇನ್ ಹ್ಯಾಪಿ ಆಗಿರ್ತಾಳ."

ಮಗಳು ತನಗಾಗಿ ಮಾಡಿಸಿಕೊಂಡು ಬಂದದ್ದನ್ನು ತಪ್ಪೆಂದು ಹೇಳುವ ಬಾಯಿ ಶಾಂತವ್ವನಿಗಿರಲಿಲ್ಲ. ಅವಳು ಎದ್ದು ವಾಣಿಯ ತಲೆ ಸವರಿ, ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಿದಳು.

ಮರುದಿನ ವಿಜಯದಶಮಿ. ಈ ಸಲ ಟೊಂಗೆ ಕಳಿಸುವವರಿರಲಿಲ್ಲ. ಚನ್ನಮಲ್ಲಪ್ಪ ಬೆಳಿಗ್ಗೆಯೇ ಹೈವೇ ಪಕ್ಕದ ಪಾಳು ಜಾಗದಿಂದ ಒಂದಿಷ್ಟು ಮೆಸ್ಕೀಟ್ ಮುರಿದು ತಂದಿದ್ದ. ಮುಳ್ಳು ಚುಚ್ಚಿ ಅವನ ಬೆರಳಲ್ಲಿ ರಕ್ತ ಒಸರಿತ್ತು. ವಾಣಿ ಬನ್ನಿ ಕೊಟ್ಟು ಇಬ್ಬರಿಗೂ ನಮಸ್ಕಾರ ಮಾಡಿದಳು. "ಬಂಗಾರದಂಗ ಇರೂಣವ್ವ" ಎಂದು ಶಾಂತವ್ವ ಅವಳ ಕೈಯಲ್ಲಿ ಎಲೆಯಿಟ್ಟು ಮುಷ್ಟಿ ಮುಚ್ಚಿದಳು. ಕಾರಿಗೆ ಚೆಲ್ಲೊ ಏರಿತು. ಗ್ಯಾರೇಜಿನ ಬಾಗಿಲು ಇಳಿಯಿತು.

ಒಳಗೆ ಬಂದಾಗ ತಾಟಿನಲ್ಲಿ ಇನ್ನೊಂದು ಟೊಂಗೆ ಉಳಿದಿತ್ತು. ಯಾರದೆಂದು ಚನ್ನಮಲ್ಲಪ್ಪ ಕೇಳಲಿಲ್ಲ. ಶಾಂತವ್ವ ಅದನ್ನು ಜಗಲಿಯ ಪಕ್ಕದ ಖಾಲಿ ಜಾಗದಲ್ಲಿ, ನೆಲದ ಮೇಲೆಯೇ ಇಟ್ಟಳು.

"ಆ ಹೂವಿನ ಸ್ಟ್ಯಾಂಡ್ ಹೊಳ್ಳಿ ತಂದು ಇಡ್ಲೇನು?" ಎಂದ ಅವನು.

"ಇರ್ಲಿ ಬಿಡ್ರಿ. ಜಾಗಾ ಹಂಗ ಇರ್ಲಿ."

"ಎಷ್ಟ ದಿನಾ?"

"ನೋಡೂಣು" ಅಂದಳು ಶಾಂತವ್ವ. ಅಂದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಅವಳು ನಿನ್ನೆ ಉಗ್ಗಿದ ಮೆಂತ್ಯಕ್ಕೆ ನೀರು ಹಾಕಲು ಹಿತ್ತಲಿಗೆ ಹೋದಳು.